ಮದ್ದುಗುಂಡು ಕೊಳ್ಳುವವರ ಬ್ಯಾಕ್‌ಗ್ರೌಂಡ್ ಚೆಕ್: ಆ ದಾಖಲೆ ಎಲ್ಲಿ ಉಳಿಯುತ್ತೆ, ಯಾರು ನೋಡಬಹುದು?

ಹೊಳೆಸಾಲು
ಕ್ಯಾಲಿಫೋರ್ನಿಯಾದಲ್ಲಿರೋ ಕನ್ನಡಿಗರಿಗೆ ಒಂದು ಪ್ರಶ್ನೆ. ಇಲ್ಲಿ ಒಂದು ಡಬ್ಬಿ ಪಾಯಿಂಟ್ ಟೂ ಟೂ (ಸಣ್ಣ ಅಳತೆಯ) ಗುಂಡು ತಗೊಳ್ಳೋಕೂ ಬ್ಯಾಕ್‌ಗ್ರೌಂಡ್ ಚೆಕ್ ಆಗಬೇಕು. ಗ್ರೀನ್ ಕಾರ್ಡ್ ಇದೆ, ಕಾನೂನಿನ ತೊಡಕೇನೂ ಇಲ್ಲ. ಆದ್ರೆ ಹೆಸರು, ವಿಳಾಸ, ಫೋನು, ಯಾವ ಗುಂಡು, ಎಷ್ಟು ಅಂತ ಎಲ್ಲ ಬರೆಸ್ಕೊಂಡ ಮೇಲೆ ಅದು ಎಲ್ಲಿಗೆ ಹೋಗುತ್ತೆ? ಚೆಕ್ ಪಾಸಾದ 24 ಗಂಟೆಯಲ್ಲಿ ಎಲ್ಲ ಅಳಿಸಿ ಹಾಕ್ತಾರೆ ಅಂತ ಒಬ್ಬರು ಹೇಳಿದ್ರು. ಶಾಶ್ವತವಾಗಿ ಇಟ್ಕೋತಾರೆ ಅಂತ ಇನ್ನೊಬ್ಬರು. ಯಾವುದು ನಿಜ?

ನ್ಯಾಯಪಕ್ಷ
ಇಬ್ಬರೂ ನಿಜವನ್ನೇ ಹೇಳಿದ್ದಾರೆ, ಆದರೆ ಬೇರೆ ಬೇರೆ ವ್ಯವಸ್ಥೆಗಳ ಬಗ್ಗೆ.

24 ಗಂಟೆಯ ನಿಯಮ ಇರುವುದು ಕೇಂದ್ರದ, ಅಂದರೆ ಎಫ್‌ಬಿಐ ನಡೆಸುವ ಎನ್‌ಐಸಿಎಸ್ ತಪಾಸಣೆಗೆ. 1993ರ ಬ್ರೇಡಿ ಕಾಯ್ದೆಯಡಿ ಅದು 1998ರ ನವೆಂಬರ್ 30ರಂದು ಶುರುವಾಯಿತು. ಬಂದೂಕು ಕೊಳ್ಳುವವರು ಪಾಸಾದರೆ ಅವರ ಗುರುತಿನ ವಿವರವನ್ನು 24 ಗಂಟೆಯೊಳಗೆ ನಾಶ ಮಾಡಬೇಕು. ಆದರೆ ಬರೀ ಗುಂಡು ಕೊಳ್ಳಲು ಕೇಂದ್ರ ಕಾನೂನು ಯಾವ ತಪಾಸಣೆಯನ್ನೂ ಕೇಳುವುದಿಲ್ಲ. 1968ರ ಬಂದೂಕು ನಿಯಂತ್ರಣ ಕಾಯ್ದೆಯಲ್ಲಿ ಮದ್ದುಗುಂಡು ಮಾರಾಟಕ್ಕೂ ಪುಸ್ತಕ ಬರೆಯಬೇಕಿತ್ತು. 1986ರ ತಿದ್ದುಪಡಿಯಲ್ಲಿ ಕವಚ ಸೀಳುವ ಗುಂಡುಗಳನ್ನು ಬಿಟ್ಟು ಉಳಿದದ್ದಕ್ಕೆ ಅದನ್ನು ಕೈಬಿಟ್ಟರು.

ಕ್ಯಾಲಿಫೋರ್ನಿಯಾದ್ದು ರಾಜ್ಯದ ಸ್ವಂತ ವ್ಯವಸ್ಥೆ. 2016ರ ನವೆಂಬರ್‌ನಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 63, ಜೊತೆಗೆ ಅದೇ ವರ್ಷ ಶಾಸನಸಭೆ ಮಾಡಿದ ಕಾನೂನು. 2018ರ ಜನವರಿಯಿಂದ ಪರವಾನಗಿ ಇರುವ ಅಂಗಡಿಯ ಮೂಲಕವೇ ಮಾರಾಟ, ಆನ್‌ಲೈನ್‌ನಲ್ಲಿ ತರಿಸಿದ್ದೂ ಅಲ್ಲಿಗೇ ಬರಬೇಕು. 2019ರ ಜುಲೈ 1ರಿಂದ ಪ್ರತಿ ಖರೀದಿಗೂ ತಪಾಸಣೆ. ದಂಡ ಸಂಹಿತೆಯ 30352ನೇ ಕಲಮಿನ ಪ್ರಕಾರ ಅಂಗಡಿಯವರು ವಿವರವನ್ನು ರಾಜ್ಯದ ನ್ಯಾಯ ಇಲಾಖೆಗೆ ಕಳಿಸಬೇಕು, ಇಲಾಖೆ ಅದನ್ನು ಮದ್ದುಗುಂಡು ಖರೀದಿ ದಾಖಲೆ ಎಂಬ ಡೇಟಾಬೇಸಿನಲ್ಲಿ ಇಟ್ಟುಕೊಳ್ಳಬೇಕು. "ಇಟ್ಟುಕೊಳ್ಳಬೇಕು" ಅಂತಿದೆ. ಪಾಸಾದವರದ್ದನ್ನು ಇಷ್ಟು ಗಂಟೆಯಲ್ಲಿ ಅಳಿಸಿ ಅನ್ನುವ ಗಡುವು ಅಲ್ಲಿಲ್ಲ.

ಕೌಂಟರ್ ಕಿಟ್ಟಿ
ಅಂಗಡಿಯಲ್ಲಿ ಏನಾಗುತ್ತೆ ಅನ್ನೋದನ್ನ ನಾನು ಹೇಳ್ತೀನಿ, ಯಾಕಂದ್ರೆ ಪ್ರೈವಸಿ ಅನ್ನೋದು ಅಲ್ಲಿಂದಲೇ ಶುರು.

ಡ್ರೈವಿಂಗ್ ಲೈಸೆನ್ಸ್ ಸ್ವೈಪ್ ಮಾಡ್ತಾರೆ. ಕಾರ್ಡಿನ ಹಿಂಬದಿಯಿಂದ ಹೆಸರು, ಹುಟ್ಟಿದ ದಿನ, ವಿಳಾಸ, ಲೈಸೆನ್ಸ್ ನಂಬರು ರಾಜ್ಯದ ಡಿಇಎಸ್ ಅನ್ನೋ ಜಾಲತಾಣಕ್ಕೆ ನೇರ ಹೋಗುತ್ತೆ. ಮೇಲೆ ಫೋನ್ ನಂಬರು, ಗುಂಡಿನ ಬ್ರ್ಯಾಂಡು, ಬಗೆ, ಎಣಿಕೆ, ಮಾರಿದವರ ಹೆಸರು, ನಿಮ್ಮ ಸಹಿ. ಫೋನ್ ಕೊಡಲ್ಲ ಅನ್ನೋಕಾಗಲ್ಲ, ಅದು ಕಾನೂನಿನ ಪಟ್ಟಿಯಲ್ಲೇ ಇದೆ.

ಆಮೇಲೆ ಚೆಕ್. ಸಾಮಾನ್ಯವಾಗಿ ಎರಡು ದಾರಿ.

ಸ್ಟ್ಯಾಂಡರ್ಡ್ ಚೆಕ್: ನಿಮ್ಮ ಹೆಸರಲ್ಲಿ ರಾಜ್ಯದ ಎಎಫ್‌ಎಸ್ (ಯಾರ ಹೆಸರಲ್ಲಿ ಯಾವ ಬಂದೂಕು ಇದೆ ಅನ್ನೋ) ದಾಖಲೆಯಲ್ಲಿ ಈಗಾಗಲೇ ಬಂದೂಕು ಇದ್ರೆ ಇದು. ಹೆಸರು, ಹುಟ್ಟಿದ ದಿನ, ಈಗಿನ ವಿಳಾಸ, ಲೈಸೆನ್ಸ್ ನಂಬರು, ನಾಲ್ಕೂ ಹೊಂದಬೇಕು. ಸಾಮಾನ್ಯವಾಗಿ ಕೆಲವೇ ನಿಮಿಷದ ಕೆಲಸ. ಮೊದಲು 1 ಡಾಲರ್ ಇತ್ತು, 2025ರ ಜುಲೈ 1ರಿಂದ 5 ಡಾಲರ್.

ಬೇಸಿಕ್ ಚೆಕ್: ಎಎಫ್‌ಎಸ್‌ನಲ್ಲಿ ನೀವಿಲ್ಲ ಅಂದ್ರೆ ಇದು. 19 ಡಾಲರ್, ದಿನಗಳು ಹಿಡಿಯುತ್ತೆ. ಅಪ್ರೂವ್ ಆದ 30 ದಿನದೊಳಗೆ ಹೋಗಿ ತಗೋಬೇಕು, ಅದೂ ಒಂದೇ ಖರೀದಿಗೆ. ಮುಂದಿನ ಸಲ ಮತ್ತೆ 19.

ಈಗ ಪ್ರೈವಸಿ ದೃಷ್ಟಿಯಿಂದ ಇದನ್ನ ನೋಡಿ. 2014ಕ್ಕಿಂತ ಮುಂಚೆ ಕೊಂಡ ರೈಫಲ್, ಶಾಟ್‌ಗನ್‌ಗಳ ದಾಖಲೆಯನ್ನ ರಾಜ್ಯ ಉಳಿಸ್ಕೊಳ್ತಿರಲಿಲ್ಲ. ಹಂಗಾಗಿ ಹಳೇ ಕೋವಿ ಇರೋ ಎಷ್ಟೋ ಜನ ಎಎಫ್‌ಎಸ್‌ನಲ್ಲೇ ಇಲ್ಲ. ಪ್ರತಿ ಸಲ 19 ಕೊಡೋದು ತಪ್ಪಿಸ್ಕೋಬೇಕು ಅಂದ್ರೆ ಅವರು ತಾವಾಗಿಯೇ ಮಾಲೀಕತ್ವದ ವರದಿ ಸಲ್ಲಿಸಿ ಕೋವೀನ ನೋಂದಾಯಿಸಬೇಕು. ಅದಕ್ಕೊಂದು 19. ಅಂದ್ರೆ ಶುಲ್ಕದ ಲೆಕ್ಕವೇ ಜನರನ್ನ ರಿಜಿಸ್ಟ್ರಿ ಕಡೆಗೆ ತಳ್ಳುತ್ತೆ. ಕಾನೂನಿನ ಚರ್ಚೆಯಲ್ಲಿ ಇದು ಯಾರ ಬಾಯಲ್ಲೂ ಬರಲ್ಲ.

ಹೊಳೆಸಾಲು
ಕಿಟ್ಟಿ ಸಾರ್, ಅಂಗಡಿಯವರ ಹತ್ರ ಉಳಿಯೋ ಪ್ರತಿ? ಅದನ್ನ ಅವರು ಮಾರ್ಕೆಟಿಂಗ್‌ಗೆ ಬಳಸಬಹುದಾ?

ಕೌಂಟರ್ ಕಿಟ್ಟಿ
ಇಲಾಖೆಗೆ ಕಳಿಸೋಕೆ ಅಂತ ತಗೊಂಡ ವಿವರವನ್ನ ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಬಳಸೋಕೆ, ಮಾರೋಕೆ, ಹಂಚೋಕೆ ಬರಲ್ಲ. ಅದೇ ಕಲಮಿನಲ್ಲೇ ಇದೆ. ಆದ್ರೆ "ಲಿಖಿತ ಒಪ್ಪಿಗೆ" ಅನ್ನೋ ಮಾತಿಗೆ ಗಮನ ಕೊಡಿ. ಮೆಂಬರ್‌ಶಿಪ್ ಫಾರ್ಮು, ಪಾಯಿಂಟ್ಸ್ ಕಾರ್ಡು, ಬಿಲ್ಲನ್ನ ಇಮೇಲ್ ಮಾಡ್ತೀವಿ ಅನ್ನೋದು, ಇವೆಲ್ಲ ನೀವೇ ಬೇರೆಯಾಗಿ ಕೊಡೋ ಮಾಹಿತಿ. ಅಲ್ಲಿಗೆ ಈ ಕಲಮಿನ ರಕ್ಷಣೆ ತಾನಾಗಿ ಬರಲ್ಲ. ಚೆಕ್‌ಗೆ ಕೊಟ್ಟ ಫೋನ್ ನಂಬರನ್ನೇ ಪಾಯಿಂಟ್ಸ್‌ಗೂ ಕೊಟ್ರೆ ಎರಡೂ ಪಟ್ಟಿ ಒಂದಾದ ಹಾಗೆ. ಕೌಂಟರಲ್ಲಿ ಸಹಿ ಹಾಕೋ ಪ್ರತಿ ಕಾಗದವೂ ಇಲಾಖೆಯದ್ದಾ, ಅಂಗಡಿಯದ್ದಾ ಅಂತ ಕೇಳಿ.

ಕೀಲಿಮಣೆ
ಬ್ಯಾಂಕನ್ನ ಮರೀಬೇಡಿ. ಕಾರ್ಡ್ ಉಜ್ಜಿದ್ರೆ ದಿನಾಂಕ, ಅಂಗಡಿ, ಮೊತ್ತ ಅಲ್ಲಿ ಉಳಿಯುತ್ತೆ. 2022ರ ಸೆಪ್ಟೆಂಬರ್‌ನಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ಬಂದೂಕು ಮತ್ತು ಮದ್ದುಗುಂಡು ಅಂಗಡಿಗಳಿಗೆ 5723 ಅನ್ನೋ ಪ್ರತ್ಯೇಕ ವ್ಯಾಪಾರಿ ಸಂಕೇತ ಕೊಟ್ಟಿತು. ಕ್ಯಾಲಿಫೋರ್ನಿಯಾ 2023ರ ಕಾಯ್ದೆಯಲ್ಲಿ ಅದನ್ನ ಕಡ್ಡಾಯ ಮಾಡಿತು, ಅಂಗಡಿಗಳಿಗೆ ಹಚ್ಚೋ ಕೊನೇ ದಿನ 2025ರ ಮೇ 1. ಫ್ಲಾರಿಡಾದಂಥ ರಾಜ್ಯಗಳು ಉಲ್ಟಾ, ಅದನ್ನ ಬಳಸಲೇಬಾರದು ಅಂತ ಕಾನೂನು ಮಾಡಿದವು. ಈ ಸಂಕೇತ ಹೇಳೋದು ಅಂಗಡಿಯ ಬಗೆಯನ್ನ ಮಾತ್ರ. ನೀವು ಕೊಂಡದ್ದು ಗುಂಡೋ, ಕಿವಿಗೆ ಹಾಕೋ ಮಫ್ಸೋ ಅದಕ್ಕೆ ಗೊತ್ತಾಗಲ್ಲ. ನಗದು ಕೊಟ್ರೆ ಈ ಒಂದು ಪ್ರತಿ ಇರಲ್ಲ ಅಷ್ಟೇ. ರಾಜ್ಯದ ಪ್ರತಿ ಇದ್ದೇ ಇರುತ್ತೆ.

ಅಂಕಿಅಂಶ ಅನು
ಹೆಸರು ಹೊಂದಾಣಿಕೆ ಬಗ್ಗೆ ನಮ್ಮವರು ಇನ್ನೂ ಸ್ವಲ್ಪ ಎಚ್ಚರ ವಹಿಸಬೇಕು. ಸ್ಟ್ಯಾಂಡರ್ಡ್ ಚೆಕ್ ಅಕ್ಷರಶಃ ಹೋಲಿಕೆ. ಕನ್ನಡಿಗರ ಹೆಸರಲ್ಲಿ ಸರ್‌ನೇಮ್ ಜಾಗದಲ್ಲಿ ಒಂದು ಕಡೆ ಇನಿಶಿಯಲ್, ಇನ್ನೊಂದು ಕಡೆ ಅಪ್ಪನ ಹೆಸರು, ಮತ್ತೊಂದು ಕಡೆ ಊರ ಹೆಸರು. ಪಾಸ್‌ಪೋರ್ಟಲ್ಲಿ ಸರ್‌ನೇಮ್ ಖಾಲಿ ಬಿಟ್ಟವರಿಗೆ ವೀಸಾದಲ್ಲಿ "ಎಫ್‌ಎನ್‌ಯು" (ಫಸ್ಟ್ ನೇಮ್ ಅನ್‌ನೋನ್) ಅಂಟಿಕೊಂಡಿರುತ್ತೆ. ಬಂದೂಕು ಕೊಂಡಾಗ ಒಂದು ಹೆಸರು, ಆಮೇಲೆ ಪೌರತ್ವ ತಗೊಳ್ಳುವಾಗ ಹೆಸರು ಬದಲಾಯಿಸಿ ಲೈಸೆನ್ಸನ್ನೂ ತಿದ್ದಿಸಿದ್ರೆ ಎಎಫ್‌ಎಸ್‌ನಲ್ಲಿ ಇನ್ನೂ ಹಳೇ ಹೆಸರೇ. ಫಲಿತಾಂಶ: ರಿಜೆಕ್ಟ್.

ವಿಳಾಸದ ಕಥೆ ಇದಕ್ಕಿಂತ ಸಾಮಾನ್ಯ. ಮನೆ ಬದಲಾಯಿಸಿದ 10 ದಿನದೊಳಗೆ ಡಿಎಂವಿಗೆ (ನಮ್ಮ ಆರ್‌ಟಿಒ ಥರ) ತಿಳಿಸಬೇಕು, ಎಲ್ಲರೂ ತಿಳಿಸ್ತಾರೆ. ಆದ್ರೆ ಡಿಎಂವಿ ಹೊಸ ಕಾರ್ಡ್ ತಾನಾಗಿ ಕಳಿಸಲ್ಲ, ಹಳೇ ಕಾರ್ಡಿನಲ್ಲಿ ಹಳೇ ವಿಳಾಸವೇ. ಎಎಫ್‌ಎಸ್ ಮೂರನೇ ಕಡೆ, ಅದಕ್ಕೆ ಡಿಎಂವಿಯಿಂದ ಸುದ್ದಿ ಹೋಗಲ್ಲ. ಸಿಎಫ್‌ಎಆರ್‌ಎಸ್ ಅನ್ನೋ ರಾಜ್ಯದ ತಾಣದಲ್ಲಿ ವೈಯಕ್ತಿಕ ವಿವರ ತಿದ್ದುಪಡಿ ಅಂತ ಒಂದು ಅರ್ಜಿ ಇದೆ, ಅದನ್ನ ಪ್ರತ್ಯೇಕವಾಗಿ ಸಲ್ಲಿಸಬೇಕು. ಬಂದೂಕಿನ ಸೀರಿಯಲ್ ನಂಬರ್ ಕೈಯಲ್ಲಿ ಇಟ್ಕೊಂಡೇ ಕೂರಿ.

ರಿಜೆಕ್ಟ್ ಬೇರೆ, ಡಿನೈ ಬೇರೆ. ರಿಜೆಕ್ಟ್ ಅಂದ್ರೆ ದಾಖಲೆ ಹೊಂದಲಿಲ್ಲ ಅಂತ. ಡಿನೈ ಅಂದ್ರೆ ನೀವು ನಿಷೇಧಿತ ವ್ಯಕ್ತಿ ಅಂತ. ರಾಜ್ಯವೇ ಕೋರ್ಟಿಗೆ ಕೊಟ್ಟ ಲೆಕ್ಕದ ಪ್ರಕಾರ 2023ರ ಮೊದಲ ಆರು ತಿಂಗಳಲ್ಲಿ ಸ್ಟ್ಯಾಂಡರ್ಡ್ ಚೆಕ್‌ಗಳಲ್ಲಿ ನೂರಕ್ಕೆ ಸುಮಾರು 11 ರಿಜೆಕ್ಟ್. ನಿಷೇಧಿತರೆಂದು ಡಿನೈ ಆದವರು ಇನ್ನೂರರೊಳಗೆ.

ನ್ಯಾಯಪಕ್ಷ
ಅನು ಮೇಡಂ ಹೇಳಿದ್ದಕ್ಕೆ ಒಂದು ಸೇರ್ಪಡೆ. ಲೈಸೆನ್ಸಿನ ಮೇಲ್ಭಾಗದಲ್ಲಿ "ಫೆಡರಲ್ ಲಿಮಿಟ್ಸ್ ಅಪ್ಲೈ" ಎಂದಿದ್ದರೆ ಅದೊಂದೇ ಸಾಲದು, ಜೊತೆಗೆ ಪಾಸ್‌ಪೋರ್ಟ್‌ನಂಥ ಇನ್ನೊಂದು ದಾಖಲೆ ತೋರಿಸಬೇಕು. ರಿಯಲ್ ಐಡಿ (ಕೇಂದ್ರ ಸರ್ಕಾರ ಒಪ್ಪುವ ಬಗೆಯ ಲೈಸೆನ್ಸ್) ಬೇಡವೆಂದ ಪೌರರ ಕಾರ್ಡಿನಲ್ಲೂ ಅದೇ ಸಾಲು ಇರುತ್ತದೆ. ದಾಖಲೆರಹಿತ ವಲಸಿಗರಿಗೆ ಕೊಡುವ ಕಾರ್ಡಿನಲ್ಲೂ ಅದೇ. ಎರಡನ್ನೂ ನೋಡಿ ಬೇರ್ಪಡಿಸಲು ಆಗದು ಅನ್ನುವುದೇ ತೊಡಕಿನ ಮೂಲ.

ಡಿನೈಯಾದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಬಂದೂಕು ಹೊಂದಿದ್ದು ಆಮೇಲೆ ನಿಷೇಧಿತರಾದವರ ಪಟ್ಟಿಯನ್ನು ಇಲಾಖೆ ಇಟ್ಟಿದೆ, ಎಪಿಪಿಎಸ್ ಎಂದು ಕರೆಯುತ್ತಾರೆ. ಗುಂಡು ಕೊಳ್ಳಲು ಹೋಗಿ ಡಿನೈಯಾದವರ ವಿವರ ಅದರ ತನಿಖಾಧಿಕಾರಿಗಳಿಗೆ ಸುಳಿವಾಗುತ್ತದೆ. ಕಾನೂನಿನ ಉದ್ದೇಶವೇ ಅದು, ತಪ್ಪೆನ್ನಲಾರೆ. ಆದರೆ ಹಳೆಯ ಪ್ರಕರಣವೊಂದರ ವಿಲೇವಾರಿ ದಾಖಲಾಗದೆ ಉಳಿದು ಡಿನೈ ಆದವರೂ ಇರುತ್ತಾರೆ. ಅಂಥವರು ಲೈವ್ ಸ್ಕ್ಯಾನ್ ಬೆರಳಚ್ಚು ಕೊಟ್ಟು, 25 ಡಾಲರ್ ಶುಲ್ಕ ಮತ್ತು ಬೆರಳಚ್ಚು ತೆಗೆಯುವವರ ಕೂಲಿ ಕಟ್ಟಿ ತಮ್ಮ ಅಪರಾಧ ದಾಖಲೆಯ ಪ್ರತಿ ತರಿಸಿಕೊಂಡು, ಯಾವ ಸಾಲು ತಪ್ಪಿದೆ ಎಂದು ತಿದ್ದಿಸಬೇಕು. ಕೋರ್ಟಿನ ಪ್ರಮಾಣಿತ ಪ್ರತಿ ಇಲ್ಲದೆ ತಿದ್ದುಪಡಿ ಆಗುವುದು ಕಷ್ಟ.

ಟಾರ್ಗೆಟ್ ತಮ್ಮಯ್ಯ
ಇಷ್ಟೆಲ್ಲ ಗೋಪ್ಯ ಅಂತ ಕಾನೂನಲ್ಲಿ ಬರೆದಿದ್ದಾರೆ ತಾನೇ? ಪೊಲೀಸರು ಬಿಟ್ಟು ಬೇರೆ ಯಾರೂ ನೋಡಲ್ಲ ಅಂದಮೇಲೆ ತಲೆ ಯಾಕೆ ಕೆಡಿಸ್ಕೋಬೇಕು?

ನ್ಯಾಯಪಕ್ಷ
ಮೊದಲು ಹಾಗೆಯೇ ಇತ್ತು, ತಮ್ಮಯ್ಯನವರೇ. ಮತದಾರರು ಒಪ್ಪಿದಾಗ ಇದ್ದ ಮಾತು: ಗೋಪ್ಯ, ಕಾನೂನು ಪಾಲನೆಯ ಕೆಲಸಕ್ಕೆ ಮಾತ್ರ. 2021ರ ಸೆಪ್ಟೆಂಬರ್‌ನಲ್ಲಿ ಸಹಿಯಾದ ಎಬಿ 173 ಮಸೂದೆ ಅದಕ್ಕೆ ಇನ್ನೊಂದು ಬಾಗಿಲು ತೆರೆಯಿತು. ಯುಸಿ ಡೇವಿಸ್‌ನಲ್ಲಿರುವ ಬಂದೂಕು ಹಿಂಸೆಯ ಸಂಶೋಧನಾ ಕೇಂದ್ರಕ್ಕೆ ದಾಖಲೆ ಕೊಡಲೇಬೇಕು, ಇತರ ಮಾನ್ಯ ಸಂಶೋಧನಾ ಸಂಸ್ಥೆಗಳಿಗೆ ಇಲಾಖೆ ತನ್ನ ವಿವೇಚನೆಯಂತೆ ಕೊಡಬಹುದು. ಹೆಸರು ಸಮೇತ. ಷರತ್ತುಗಳಿವೆ: ಸಂಶೋಧನೆ ಮತ್ತು ಅಂಕಿಅಂಶಕ್ಕೆ ಮಾತ್ರ ಬಳಸಬೇಕು, ಬೇರೆಯವರಿಗೆ ದಾಟಿಸಬಾರದು, ಪ್ರಕಟಣೆಯಲ್ಲಿ ಯಾರ ಗುರುತೂ ಕಾಣಬಾರದು.

ಇದರ ವಿರುದ್ಧ ಎರಡು ಕಡೆ ದಾವೆ ಹೂಡಿದರು. ರಾಜ್ಯದ ನ್ಯಾಯಾಲಯ 2022ರಲ್ಲಿ ಮಧ್ಯಂತರ ತಡೆ ಕೊಟ್ಟಿತು, ಮೇಲ್ಮನವಿ ನ್ಯಾಯಾಲಯ 2023ರ ನವೆಂಬರ್‌ನಲ್ಲಿ ಅದನ್ನು ತೆಗೆದುಹಾಕಿತು. ಫೆಡರಲ್ ಕಡೆ "ಡೋ ವಿರುದ್ಧ ಬೊಂಟಾ" ಪ್ರಕರಣದಲ್ಲಿ ಒಂಬತ್ತನೇ ಸರ್ಕ್ಯೂಟ್ ಎಂಬ ಮೇಲ್ಮನವಿ ನ್ಯಾಯಾಲಯ 2024ರ ಮೇ ತಿಂಗಳಲ್ಲಿ ದಾವೆ ನಿಲ್ಲದು ಎಂದಿತು. ಸರಳವಾಗಿ ಹೇಳುವುದಾದರೆ, ಹೆಸರು, ವಿಳಾಸ, ಖರೀದಿಯ ವಿವರ ಸಂವಿಧಾನ ಕಾಯುವಷ್ಟು ಖಾಸಗಿ ಸಂಗತಿಗಳಲ್ಲ ಎಂಬ ತೀರ್ಮಾನ. ನನ್ನ ಅಭಿಪ್ರಾಯದಲ್ಲಿ ಗಮನಿಸಬೇಕಾದ ಅಂಶ ಸಂಶೋಧನೆ ಒಳ್ಳೆಯದೋ ಕೆಟ್ಟದ್ದೋ ಅನ್ನುವುದಲ್ಲ. ಕೊಡುವಾಗ ಇದ್ದ ಉದ್ದೇಶವನ್ನು ಆಮೇಲೆ ಹಿಗ್ಗಿಸಿದರು, ಹಳೆಯ ದಾಖಲೆಗಳಿಗೂ ಅದು ಅನ್ವಯಿಸಿತು, ಕೋರ್ಟು ಅದನ್ನು ಒಪ್ಪಿತು. ಇಂದಿನ ಗೋಪ್ಯತೆಯ ಸಾಲು ಮುಂದಿನ ತಿದ್ದುಪಡಿಯವರೆಗೆ ಮಾತ್ರ.

ತಪಾಸಣೆಯೇ ಸಿಂಧುವೋ ಅಲ್ಲವೋ ಎಂಬುದು ಬೇರೆ ವ್ಯಾಜ್ಯ. ಒಲಿಂಪಿಕ್ ಶೂಟರ್ ಕಿಮ್ ರೋಡ್ 2018ರಲ್ಲಿ ಹೂಡಿದ್ದು. ನ್ಯಾಯಾಧೀಶ ಬೆನಿಟೆಜ್ 2020ರಲ್ಲೊಮ್ಮೆ, 2024ರ ಜನವರಿಯಲ್ಲಿ ಮತ್ತೊಮ್ಮೆ ತಡೆದರು, ಎರಡೂ ಸಲ ಮೇಲಿನ ಕೋರ್ಟು ಆ ಆದೇಶಕ್ಕೆ ತಡೆಯಾಜ್ಞೆ ಕೊಟ್ಟಿತು. 2025ರ ಜುಲೈನಲ್ಲಿ ಒಂಬತ್ತನೇ ಸರ್ಕ್ಯೂಟಿನ ಪೀಠ 2-1ರಲ್ಲಿ ರೋಡ್ ಅವರ ಪರ ತೀರ್ಪಿತ್ತರೂ ವ್ಯಾಜ್ಯ ಅಲ್ಲಿಗೆ ಮುಗಿಯಲಿಲ್ಲ. ಒಂದು ವೇಳೆ ತಪಾಸಣೆ ಬಿದ್ದುಹೋದರೂ ಈಗಾಗಲೇ ಸೇರಿರುವ ದಾಖಲೆ ತಾನಾಗಿ ಅಳಿಯುವುದಿಲ್ಲ, ಅಳಿಸುವ ಆದೇಶವನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು.

ಕೀಲಿಮಣೆ
ಕಾನೂನು ಹಾಗಿರಲಿ. 2022ರ ಜೂನ್ 27 ನೆನಪಿಸ್ಕೊಳ್ಳಿ. ಕ್ಯಾಲಿಫೋರ್ನಿಯಾ ನ್ಯಾಯ ಇಲಾಖೆ ಬಂದೂಕು ಅಂಕಿಅಂಶದ ಹೊಸ ಡ್ಯಾಶ್‌ಬೋರ್ಡ್ ಬಿಟ್ಟ ದಿನ. ಪಿಸ್ತೂಲು ಒಯ್ಯೋ ಪರವಾನಗಿಗೆ ಅರ್ಜಿ ಹಾಕಿದ ಸುಮಾರು 1,92,000 ಜನರ ಹೆಸರು, ಹುಟ್ಟಿದ ದಿನ, ವಿಳಾಸ, ಲೈಸೆನ್ಸ್ ವಿವರ ಯಾರು ಬೇಕಾದರೂ ಇಳಿಸ್ಕೊಳ್ಳೋ ಹಾಗಾಯ್ತು. ಹೊರಗಿನ ವಕೀಲ ಸಂಸ್ಥೆಯ ತನಿಖಾ ವರದಿ ನವೆಂಬರ್ 30ಕ್ಕೆ ಬಂತು. ಬೇಕಂತ ಮಾಡಿದ್ದಲ್ಲ, ತರಬೇತಿ ಇರಲಿಲ್ಲ, ಮೇಲ್ವಿಚಾರಣೆ ಇರಲಿಲ್ಲ. 507 ಐಪಿ ವಿಳಾಸಗಳಿಂದ 2,734 ಸಲ ಡೌನ್‌ಲೋಡ್.

ಮದ್ದುಗುಂಡು ಖರೀದಿ ಫೈಲು ಆ ಸೋರಿಕೆಯಲ್ಲಿ ಇರಲಿಲ್ಲ, ಸರಿ. ಆದ್ರೆ ಅದನ್ನ ಇಟ್ಟಿರೋದು ಇದೇ ಇಲಾಖೆ.

ತಾಂತ್ರಿಕವಾಗಿ ಇಂಥದ್ದು ಹೇಗಾಗುತ್ತೆ ಅಂದ್ರೆ: ಅವರು ಬಳಸಿದ್ದು ಟ್ಯಾಬ್ಲೋ ಅನ್ನೋ ಚಾರ್ಟ್ ತಂತ್ರಾಂಶ. ಪರದೆ ಮೇಲೆ ಕಾಣೋದು ಕೌಂಟಿವಾರು ಮೊತ್ತ. ಆದ್ರೆ ಆ ಮೊತ್ತವನ್ನ ಹುಟ್ಟಿಸೋ ಕಚ್ಚಾ ಕೋಷ್ಟಕ ವರ್ಕ್‌ಬುಕ್ ಜೊತೆಗೇ ಸರ್ವರಿಗೆ ಏರಿರುತ್ತೆ. "ಪೂರ್ಣ ಡೇಟಾ ನೋಡು", "ಡೌನ್‌ಲೋಡ್" ಅನುಮತಿ ಸಾರ್ವಜನಿಕರಿಗೆ ತೆರೆದಿದ್ರೆ ಪ್ರತಿ ಸಾಲೂ ಸಿಗುತ್ತೆ. ಫಿಲ್ಟರ್ ಹಾಕಿ ಕಾಣದ ಹಾಗೆ ಮಾಡಿದ್ದೀವಿ ಅಂದ್ಕೊಳ್ಳೋದು ಸೊಸೈಟಿ ರಿಜಿಸ್ಟರಿಗೆ ಮೇಲಿಂದ ಬರೀ ಕಾಗದ ಹೊದಿಸಿದ ಹಾಗೆ. ಸರಿಯಾದ ಕ್ರಮ: ಮೊತ್ತವನ್ನ ಡೇಟಾಬೇಸ್ ಕಡೆಯಲ್ಲೇ ಲೆಕ್ಕ ಹಾಕಿ, ಕೌಂಟಿ, ವರ್ಷ, ಸಂಖ್ಯೆ ಅಂತ ಮೂರು ಕಾಲಂ ಇರೋ ಕೋಷ್ಟಕವನ್ನ ಮಾತ್ರ ಹೊರಗಿನ ಸರ್ವರಿಗೆ ಕಳಿಸೋದು. ಹೆಸರಿರೋ ಸಾಲು ಆ ಯಂತ್ರಕ್ಕೇ ಮುಟ್ಟಬಾರದು. ಬಿಡುಗಡೆಗೆ ಮುಂಚೆ ಲಾಗಿನ್ ಇಲ್ಲದ ಬ್ರೌಸರ್‌ನಲ್ಲಿ, ಯೋಜನೆಗೆ ಸಂಬಂಧಪಡದ ಒಬ್ಬರಿಂದ ಎಲ್ಲ ಗುಂಡಿಗಳನ್ನೂ ಒತ್ತಿಸಿ ನೋಡಬೇಕು.

ವರದಿಯಲ್ಲಿ ಇನ್ನೂ ಕೆಟ್ಟ ಭಾಗ ಅಂದ್ರೆ ಎಚ್ಚರಿಕೆ ಬಂದ ಮೇಲಿನದ್ದು. ಟ್ವಿಟರ್‌ನಲ್ಲಿ ಯಾರೋ ಸ್ಕ್ರೀನ್‌ಶಾಟ್ ಸಮೇತ ತಿಳಿಸಿದ್ರು. ನೋಡಿದ ಸಿಬ್ಬಂದಿ ಹಾಗೇನೂ ಇಲ್ಲ ಅಂತ ಭರವಸೆ ಕೊಟ್ಟರು. ಅಷ್ಟರಲ್ಲಿ ಡೌನ್‌ಲೋಡ್ ಭಾರಕ್ಕೆ ತಾಣ ಕುಸಿಯಿತು. ಇನ್ನೊಂದು ತಂಡ, ಸೋರಿಕೆ ಸುದ್ದಿಯೇ ಗೊತ್ತಿಲ್ಲದೆ, ರಾತ್ರಿ ಅದನ್ನ ಮತ್ತೆ ಎಬ್ಬಿಸಿ ನಿಲ್ಲಿಸಿತು. ಮುಚ್ಚಿದ್ದು ಮರುದಿನ ಮಧ್ಯಾಹ್ನದ ಹೊತ್ತಿಗೆ.

ಅಂಕಿಅಂಶ ಅನು
ಕೀಲಿಮಣೆ ಅವರೇ, ಡ್ಯಾಶ್‌ಬೋರ್ಡ್ ಸೋರಿಕೆಯನ್ನೂ ಸಂಶೋಧನೆಗೆ ಕೊಡೋದನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಗುಂಡು ಕೊಂಡವರಲ್ಲಿ ಆತ್ಮಹತ್ಯೆ ಸಾವುಗಳ ಪ್ರಮಾಣ ಏನು ಅಂತ ತಿಳಿಯಬೇಕಾದ್ರೆ ಖರೀದಿ ದಾಖಲೆಯನ್ನ ಮರಣ ದಾಖಲೆಗೆ ಜೋಡಿಸಲೇಬೇಕು. ಜೋಡಿಸೋಕೆ ಹೆಸರು, ಹುಟ್ಟಿದ ದಿನ ಬೇಕು. ಜೋಡಣೆ ಮುಗಿದ ಮೇಲೆ ಹೆಸರು ಕಿತ್ತು ಬರೀ ಸಂಕೇತ ಸಂಖ್ಯೆ ಇಟ್ಕೊಂಡು ವಿಶ್ಲೇಷಣೆ ಮಾಡೋದು ಈ ಕ್ಷೇತ್ರದ ವಾಡಿಕೆ.

ಕೀಲಿಮಣೆ
ಅಕ್ಕ, ಹಾಗಾದ್ರೆ ಇಲಾಖೆ ಹ್ಯಾಶ್ ಮಾಡಿ (ವಿವರವನ್ನ ಗುರುತು ಸಿಗದ ಸಂಕೇತವಾಗಿ ಬದಲಿಸಿ) ಕೊಡಲಿ, ಹೆಸರು ಯಾಕೆ ಕೊಡಬೇಕು?

ಅಂಕಿಅಂಶ ಅನು
ಬರೀ ಹ್ಯಾಶ್‌ನಿಂದ ಏನೂ ಕಾಪಾಡಿದ ಹಾಗಾಗಲ್ಲ, ಲೆಕ್ಕ ಹಾಕಿ. ಕ್ಯಾಲಿಫೋರ್ನಿಯಾ ಲೈಸೆನ್ಸ್ ನಂಬರು ಅಂದ್ರೆ ಒಂದು ಅಕ್ಷರ, ಏಳು ಅಂಕಿ. 26 ಗುಣಿಸು 1 ಕೋಟಿ, ಅಂದ್ರೆ 26 ಕೋಟಿ ಸಾಧ್ಯತೆ. ಈಗಿನ ಒಂದು ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ ಎಸ್‌ಎಚ್‌ಎ-256 ಅನ್ನೋ ಬಗೆಯ ನೂರಾರು ಕೋಟಿ ಹ್ಯಾಶ್ ಮಾಡುತ್ತೆ. ಎಲ್ಲ ನಂಬರುಗಳ ಪಟ್ಟಿಯನ್ನೂ ಮಾಡಿ ಹೊಂದಿಸೋಕೆ ಒಂದು ಸೆಕೆಂಡೂ ಬೇಡ. ಹುಟ್ಟಿದ ದಿನ ಇನ್ನೂ ಸಣ್ಣದು, ನೂರು ವರ್ಷಕ್ಕೆ 36,525 ದಿನ ಅಷ್ಟೇ.

ಗುಪ್ತ ಕೀಲಿ ಸೇರಿಸಿದ ಹ್ಯಾಶ್ ಬೇಕು. ಆ ಕೀಲಿ ಇಲಾಖೆಯ ಹತ್ರವೂ ಸಂಶೋಧಕರ ಹತ್ರವೂ ಇರದೆ, ಮೂರನೇ ಒಬ್ಬರ ಹತ್ರ ಇರಬೇಕು. ಅದಾದ್ರೂ ಸ್ಪೆಲ್ಲಿಂಗಿನ ಸಮಸ್ಯೆ. ಶ್ರೀನಿವಾಸ ಅನ್ನೋದನ್ನ ಎಸ್-ಆರ್ ಅಂತ ಒಬ್ಬರು, ಎಸ್-ಎಚ್-ಆರ್ ಅಂತ ಇನ್ನೊಬ್ಬರು ಬರೀತಾರೆ. ಒಂದಕ್ಷರ ಬದಲಾದ್ರೆ ಹ್ಯಾಶ್ ಪೂರ್ತಿ ಬದಲು, ಜೋಡಣೆ ತಪ್ಪುತ್ತೆ. ಅದಕ್ಕೆ ಹೆಸರನ್ನ ಎರಡೆರಡು ಅಕ್ಷರದ ತುಣುಕು ಮಾಡಿ ಬ್ಲೂಮ್ ಫಿಲ್ಟರ್‌ಗೆ (ತುಣುಕುಗಳನ್ನ ಸೊನ್ನೆ-ಒಂದರ ಸಾಲಾಗಿ ಗುರುತಿಸೋ ರಚನೆಗೆ) ಹಾಕೋ ವಿಧಾನ ಬಳಸ್ತಾರೆ. ತುಣುಕುಗಳು ಬಹುಪಾಲು ಹೊಂದಿದ್ರೆ ಒಬ್ಬರೇ ಅಂತ ಲೆಕ್ಕ. ಇದನ್ನ ಮುರಿಯೋ ದಾಳಿಗಳೂ ಇವೆ, ಸಾಮಾನ್ಯ ಹೆಸರುಗಳ ಆವರ್ತನ ನೋಡಿ ಊಹಿಸಬಹುದು. ಅಂದ್ರೂ ಹೆಸರುಪಟ್ಟಿಯನ್ನ ಹಾಗೇ ದಾಟಿಸೋದಕ್ಕಿಂತ ಎಷ್ಟೋ ವಾಸಿ. ಕಾನೂನು ಇದನ್ನ ಕಡ್ಡಾಯ ಮಾಡದೆ ಬಿಟ್ಟಿದ್ದು ನನಗೂ ಸರಿ ಕಾಣಲ್ಲ.

ಸಣ್ಣ ಕೌಂಟಿಗಳ ವಿಷಯ ಬೇರೆ. ಆಲ್ಪೈನ್ ಕೌಂಟಿಯ ಜನಸಂಖ್ಯೆಯೇ 1,200ರ ಆಸುಪಾಸು. ಅಲ್ಲಿ ವರ್ಷ, ಲಿಂಗ, ವಯಸ್ಸಿನ ಗುಂಪು ಮೂರನ್ನ ಸೇರಿಸಿ ಒಂದು ಕೋಷ್ಟಕ ಹಾಕಿದ್ರೆ ಹೆಸರಿಲ್ಲದೆಯೂ ಊರಿನವರಿಗೆ ಯಾರು ಅಂತ ಗೊತ್ತಾಗುತ್ತೆ. ಕೋಷ್ಟಕದಲ್ಲಿ ಸಣ್ಣ ಸಂಖ್ಯೆ ಇರೋ ಚೌಕಗಳನ್ನ ಖಾಲಿ ಬಿಡಬೇಕು, ಜೊತೆಗೆ ಒಟ್ಟು ಮೊತ್ತದಿಂದ ಕಳೆದು ಕಂಡುಹಿಡಿಯದ ಹಾಗೆ ಪಕ್ಕದ ಇನ್ನೊಂದನ್ನೂ ಮುಚ್ಚಬೇಕು.

ಟಾರ್ಗೆಟ್ ತಮ್ಮಯ್ಯ
ಎಚ್-1ಬಿ ಹುಡುಗರು ರೇಂಜಿಗೆ ಹೋಗೋದು ಜಾಸ್ತಿ ಆಗಿದೆ. ಅವರಿಗೂ ಇದೇ ನಿಯಮವಾ?

ನ್ಯಾಯಪಕ್ಷ
ಅವರಿಗೆ ಪ್ರೈವಸಿಗಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಎಚ್-1ಬಿ, ಎಫ್-1ನಂಥ ತಾತ್ಕಾಲಿಕ ವೀಸಾದವರು ಬಂದೂಕು ಮಾತ್ರವಲ್ಲ, ಮದ್ದುಗುಂಡನ್ನೂ ಹೊಂದುವಂತಿಲ್ಲ. ಕೇಂದ್ರ ಕಾನೂನಿನ 922ನೇ ಕಲಮು. ರೇಂಜಿನಲ್ಲಿ ಬಾಡಿಗೆಗೆ ಹಿಡಿಯುವುದೂ ಇದರೊಳಗೆ ಬರುತ್ತದೆ. ಮುಖ್ಯ ವಿನಾಯಿತಿ, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಮೊದಲು ಬೇಟೆ ಸುರಕ್ಷತೆಯ ಕೋರ್ಸ್ ಮುಗಿಸಬೇಕು.

ದಾಖಲೆ ಇಲ್ಲಿ ಕಚ್ಚುತ್ತದೆ. ಅಂಗಡಿಯಲ್ಲಿ ಬರೆದುಕೊಟ್ಟದ್ದು ಸಹಿ ಸಮೇತ ಉಳಿಯುತ್ತದೆ. ಬಂದೂಕು ಕೊಳ್ಳುವಾಗ ತುಂಬುವ 4473 ಫಾರ್ಮನ್ನು ಅಂಗಡಿ ಮುಚ್ಚುವವರೆಗೂ ಇಡಬೇಕು ಎಂದು 2022ರಿಂದ ನಿಯಮ, ಮೊದಲು 20 ವರ್ಷ ಇತ್ತು. ಅದರಲ್ಲಿ ಪೌರತ್ವದ ಚೌಕದಲ್ಲಿ ಗ್ರೀನ್ ಕಾರ್ಡಿನವರು ಅವಸರಕ್ಕೆ ಅಮೆರಿಕ ಎಂದು ಗುರುತು ಹಾಕಿದರೆ, ಪೌರತ್ವದ ಸುಳ್ಳು ಹಕ್ಕುಸಾಧನೆ ಎಂಬ ಆರೋಪಕ್ಕೆ ಅದೇ ಸಾಕ್ಷಿ. ವಲಸೆ ಕಾನೂನಿನಲ್ಲಿ ಅದು ತುಂಬ ಗಂಭೀರ. ಬಂದೂಕು ಅಪರಾಧಗಳು ಗಡಿಪಾರಿಗೂ ಕಾರಣವಾಗುತ್ತವೆ. ಸಂಶಯವಿದ್ದರೆ ಅಂಗಡಿಗೆ ಹೋಗುವ ಮುಂಚೆ ವಲಸೆ ವಕೀಲರನ್ನು ಕೇಳಿ, ಆಮೇಲಲ್ಲ.

ಕಾವೇರಿ ತೀರ
ಕೊಡಗಿನಲ್ಲಿ ಇದನ್ನ ಓದೋರಿಗೆ ವಿಚಿತ್ರ ಅನ್ನಿಸುತ್ತೆ. ನಮ್ಮಲ್ಲಿ ಕೊಡವರು ಮತ್ತು ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದಲೇ ವಿನಾಯಿತಿ, 2019ರಲ್ಲಿ ಅದನ್ನ 2029ರವರೆಗೆ ಮುಂದುವರಿಸಿದ್ದಾರೆ. ಆದ್ರೂ ವಿನಾಯಿತಿ ಪತ್ರ ತೋರಿಸದೆ ಗುಂಡು ಸಿಗಲ್ಲ. ಭಾರತದಲ್ಲಿ ಪ್ರತಿ ಖರೀದಿಗೂ ತಪಾಸಣೆ ಇಲ್ಲ, ಲೈಸೆನ್ಸ್ ಕೊಡೋವಾಗಿನ ಪೊಲೀಸ್ ವರದಿಯೇ ತಪಾಸಣೆ. ಆಮೇಲೆ ಡೀಲರ್ ರಿಜಿಸ್ಟರಲ್ಲಿ ಬರೀತಾರೆ. ಲೈಸೆನ್ಸ್‌ದಾರರ ವಿವರ ಯುಐಎನ್ ಅನ್ನೋ ವಿಶಿಷ್ಟ ಗುರುತಿನ ಸಂಖ್ಯೆ ಸಮೇತ ಕೇಂದ್ರದ ಡೇಟಾಬೇಸಲ್ಲಿ. ಪ್ರೈವಸಿ ಅಂತ ಕೇಳಿದ್ರೆ, ಚುನಾವಣೆ ಬಂದಾಗ ಯಾರ್ಯಾರು ಠಾಣೆಗೆ ಕೋವಿ ಠೇವಣಿ ಇಡೋಕೆ ಸಾಲು ನಿಲ್ತಾರೆ ಅಂತ ಊರಿಗೆಲ್ಲ ಗೊತ್ತು!

ಕೌಂಟರ್ ಕಿಟ್ಟಿ
ಕಾವೇರಿ ತೀರದವರೇ, ಅಮೆರಿಕದಲ್ಲೂ ಊರಿಗೆಲ್ಲ ಗೊತ್ತಾದ ಉದಾಹರಣೆ ಇದೆ. 2012ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಜರ್ನಲ್ ನ್ಯೂಸ್ ಪತ್ರಿಕೆ ವೆಸ್ಟ್‌ಚೆಸ್ಟರ್, ರಾಕ್‌ಲ್ಯಾಂಡ್ ಕೌಂಟಿಗಳ ಪಿಸ್ತೂಲು ಪರವಾನಗಿದಾರರ ಹೆಸರು ವಿಳಾಸಗಳನ್ನ ನಕ್ಷೆ ಮೇಲೆ ಚುಕ್ಕಿ ಹಾಕಿ ಪ್ರಕಟಿಸಿತು. ಕಳವು ಮಾಡಿದ್ದಲ್ಲ, ಆಗ ಅದು ಕೇಳಿದವರಿಗೆ ಕೊಡಬೇಕಾದ ಸಾರ್ವಜನಿಕ ದಾಖಲೆ. ಮುಂದಿನ ತಿಂಗಳು ಬಂದ ಸೇಫ್ ಆಕ್ಟ್ ಅನ್ನೋ ನ್ಯೂಯಾರ್ಕ್ ರಾಜ್ಯದ ಬಂದೂಕು ಕಾಯ್ದೆಯಲ್ಲಿ ತಮ್ಮ ವಿವರ ಗುಟ್ಟಾಗಿಡಿ ಅಂತ ಕೇಳೋ ಅವಕಾಶ ಕೊಟ್ಟರು. ಅದೇ ಕಾಯ್ದೆ ಮದ್ದುಗುಂಡು ತಪಾಸಣೆಯನ್ನೂ ತಂದಿತ್ತು, ಆದ್ರೆ ವ್ಯವಸ್ಥೆ ಸಿದ್ಧವಿಲ್ಲದೆ ವರ್ಷಗಟ್ಟಲೆ ನಿಂತು, ಶುರುವಾಗಿದ್ದು 2023ರ ಸೆಪ್ಟೆಂಬರ್ 13ಕ್ಕೆ. ಅಲ್ಲಿ ರಾಜ್ಯ ಪೊಲೀಸರೇ ಚೆಕ್ ಮಾಡ್ತಾರೆ, ಗುಂಡಿಗೆ ಎರಡೂವರೆ ಡಾಲರ್, ಬಂದೂಕಿಗೆ 9.

ಹೊಳೆಸಾಲು
ಇಷ್ಟು ವಿವರ ಕೊಟ್ಟ ಎಲ್ರಿಗೂ ಥ್ಯಾಂಕ್ಸ್. ಕೊನೇದಾಗಿ ಎರಡು. ನನ್ನ ಬಗ್ಗೆ ಏನಿದೆ ಅಂತ ನಾನೇ ನೋಡಬಹುದಾ? ಇನ್ನೊಂದು, ರೇಂಜಲ್ಲೇ ಕೊಂಡು ಅಲ್ಲೇ ಹೊಡೆದು ಮುಗಿಸಿದ್ರೆ ಅದೂ ದಾಖಲಾಗುತ್ತಾ?

ಕೌಂಟರ್ ಕಿಟ್ಟಿ
ಎರಡನೇದಕ್ಕೆ: ಪರವಾನಗಿ ಇರೋ ರೇಂಜಿನಲ್ಲಿ ಕೊಂಡು, ಗುಂಡು ಪೂರ್ತಿ ಅಲ್ಲೇ ಇದ್ರೆ ತಪಾಸಣೆಯಿಂದ ವಿನಾಯಿತಿ. ಉಳಿದದ್ದನ್ನ ಬ್ಯಾಗಿಗೆ ಹಾಕ್ಕೊಂಡು ಮನೆಗೆ ತಂದ್ರೆ ವಿನಾಯಿತಿ ಹೋಯ್ತು. ಅರ್ಧ ಡಬ್ಬಿ ಉಳಿದ್ರೆ ಕೌಂಟರಿಗೆ ವಾಪಸ್ ಕೊಟ್ಟು ಬನ್ನಿ. ನೆವಾಡಾದಿಂದ ಕೊಂಡು ತರೋ ಯೋಚನೆಯೂ ಬೇಡ. ಇಲ್ಲಿನ ನಿವಾಸಿಗಳು ಹೊರರಾಜ್ಯದಲ್ಲಿ ಕೊಂಡದ್ದನ್ನ ಮೊದಲು ಇಲ್ಲಿನ ಲೈಸೆನ್ಸ್ಡ್ ಅಂಗಡಿಗೆ ತಲುಪಿಸಿ, ಅಲ್ಲಿ ಚೆಕ್ ಆದ ಮೇಲೇ ತಗೋಬೇಕು.

ನ್ಯಾಯಪಕ್ಷ
ಮೊದಲನೆಯದಕ್ಕೆ: ಎಎಫ್‌ಎಸ್‌ನಲ್ಲಿ ನಿಮ್ಮ ಹೆಸರಿನಲ್ಲಿರುವ ಬಂದೂಕು ದಾಖಲೆ ಕೇಳಲು ಇಲಾಖೆಯ ಬಂದೂಕು ವಿಭಾಗದ್ದೇ ಒಂದು ಅರ್ಜಿ ಇದೆ. ನೋಟರಿ ಮುಂದೆ ಸಹಿ ಮಾಡಿ, ಗುರುತಿನ ಚೀಟಿಯ ಪ್ರತಿ ಲಗತ್ತಿಸಿ ಕಳಿಸಬೇಕು. ಹಳೆಯ ಹೆಸರುಗಳಿದ್ದರೆ ಎಲ್ಲವನ್ನೂ ಬರೆಯಿರಿ, ಇಲ್ಲವಾದರೆ "ದಾಖಲೆ ಇಲ್ಲ" ಎಂಬ ಉತ್ತರ ಬಂದು ದಾರಿ ತಪ್ಪಿಸುತ್ತದೆ. ಮದ್ದುಗುಂಡು ಖರೀದಿಯ ವಿವರ ಬೇಕಾದರೆ 1977ರ ಮಾಹಿತಿ ಆಚರಣೆಗಳ ಕಾಯ್ದೆಯನ್ನು ಹೆಸರಿಸಿ ಪ್ರತ್ಯೇಕ ಪತ್ರ ಬರೆಯಿರಿ. ರಾಜ್ಯದ ಇಲಾಖೆಗಳ ಬಳಿ ಇರುವ ತಮ್ಮ ವೈಯಕ್ತಿಕ ದಾಖಲೆ ನೋಡಲು, ತಪ್ಪಿದ್ದರೆ ತಿದ್ದಿಸಲು ಅದು ಹಕ್ಕು ಕೊಡುತ್ತದೆ, ತನಿಖೆಗೆ ಸಂಬಂಧಿಸಿದ ಭಾಗಗಳಿಗೆ ವಿನಾಯಿತಿ ಇದೆ. ಸಿಸಿಪಿಎ ಎಂಬ ಗ್ರಾಹಕ ಪ್ರೈವಸಿ ಕಾಯ್ದೆಯಡಿ "ನನ್ನದನ್ನು ಅಳಿಸಿ" ಎಂದು ಕೇಳಿ ಫಲವಿಲ್ಲ, ಅದು ಖಾಸಗಿ ಕಂಪನಿಗಳಿಗೆ, ಸರ್ಕಾರಕ್ಕಲ್ಲ.

ಪತ್ರದಲ್ಲಿ ಖರೀದಿಯ ದಿನಾಂಕ ಮತ್ತು ಅಂಗಡಿಯ ಹೆಸರನ್ನು ಹಾಕಿ. ಬಿಲ್ಲಿನ ಮೇಲೆ ವಹಿವಾಟು ಸಂಖ್ಯೆ ಇದ್ದರೆ ಅದನ್ನೂ ಬರೆಯಿರಿ.

ಹೊಳೆಸಾಲು
ಬಿಲ್ ಇದೆ. ವಿಳಾಸ ತಿದ್ದುಪಡಿ ಅರ್ಜಿ ಮೊದಲು ಹಾಕಿ, ಆಮೇಲೆ ದಾಖಲೆ ಕೇಳೋದಾ, ಅಥವಾ ತಿರುಗಾಮುರುಗಾನಾ?

ಅಂಕಿಅಂಶ ಅನು
ದಾಖಲೆ ಮೊದಲು ಕೇಳಿ. ಈಗ ಅಲ್ಲಿ ಹೆಸರು, ವಿಳಾಸ ಹೇಗೆ ಬರೆದಿದೆ ಅಂತ ನೋಡಿದ ಮೇಲೆ ತಿದ್ದಿಸಿದ್ರೆ ಒಂದೇ ಸಲಕ್ಕೆ ಮುಗಿಯುತ್ತೆ. ತುರ್ತಾಗಿ ಗುಂಡು ಬೇಕಿದ್ರೆ ಮಾತ್ರ ತಿದ್ದುಪಡಿ ಮೊದಲು.